ಮಗಳಿಗೊಂದು ಪತ್ರ: ಮೆಮೊಗೆ ಉತ್ತರ ಬರೆಯುವ ಮುನ್ನ

ಮಗಳೇ,

ನಿನ್ನೆ ಫೋನಿನಲ್ಲಿ ಆಡಿದ್ದನ್ನೆಲ್ಲ ಮತ್ತೆ ಕೆದಕುವುದಿಲ್ಲ. ಕಚೇರಿಯಿಂದ ಬಂದ ಮೆಮೊಗೆ ಉತ್ತರ ಕೊಡಲು ಸೋಮವಾರದವರೆಗೆ ಸಮಯವಿದೆ ಅಂದೆಯಲ್ಲ, ಅದಕ್ಕೇ ಈ ಪತ್ರ. ರಾಜೀನಾಮೆ ಮಾತ್ರ ಸಿಟ್ಟಿನಲ್ಲಿ ಬರೆಯಬೇಡ.

ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ಸತ್ತವನ ಹೆಸರು, ಫೋಟೊ ಸುದ್ದಿಗೆ ಕೊಡುವುದಿಲ್ಲ ಎಂದು ನೀನು ಸಂಪಾದಕರೆದುರು ಹಟ ಹಿಡಿದು ಈ ಮೆಮೊ ತಂದುಕೊಂಡೆಯಲ್ಲ, ಹೆಮ್ಮೆಯಾಯಿತು. ಹಿಂದೆಯೇ ಹೆದರಿಕೆಯೂ ಆಯಿತು. ನಿನ್ನ ಸೋದರಮಾವ ಅಪಘಾತದಲ್ಲಿ ಹೋದದ್ದು ನಿನಗೆ ಗೊತ್ತು. ಫೋಟೊ ಕಥೆ ಗೊತ್ತಿಲ್ಲ. ದೇಹ ಇನ್ನೂ ಮನೆಗೆ ಬಂದಿರಲಿಲ್ಲ, ವರದಿಗಾರರೊಬ್ಬರು ಬಂದರು. ಒರಟರೇನಲ್ಲ. ಬಾಗಿಲಾಚೆಯೇ ನಿಂತು, ‘ಒಂದು ಫೋಟೊ ಇದ್ರೆ ಕೊಡಮ್ಮ, ನಾಳೆನೇ ವಾಪಸ್ ತಂದುಕೊಡ್ತೀನಿ’ ಅಂದರು. ದೊಡ್ಡವರು ಯಾರೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಶಾಲೆಗೆ ಹೋಗುತ್ತಿದ್ದ ನಾನೇ ಆಲ್ಬಮ್ಮಿನಿಂದ ಕಿತ್ತು ಕೊಟ್ಟೆ. ಅಂಟು ಬಿಗಿಯಾಗಿತ್ತು, ಫೋಟೊದ ಬೆನ್ನಿನ ಕಾಗದ ಹರಿದು ಹಾಳೆಯಲ್ಲೇ ಉಳಿಯಿತು. ಮರುದಿನ ಪೇಪರಿನಲ್ಲಿ ಬಂತು, ವಯಸ್ಸು ತಪ್ಪಾಗಿ. ಫೋಟೊ ವಾಪಸ್ ಬರಲಿಲ್ಲ. ನಿನ್ನಜ್ಜ ಪತ್ರ ಬರೆದರೂ ತಿದ್ದುಪಡಿ ಬರಲಿಲ್ಲ. ಪೇಪರಿನಿಂದ ಕತ್ತರಿಸಿಟ್ಟ ಆ ಸುದ್ದಿಯಲ್ಲಿ ವಯಸ್ಸನ್ನು ಅವರೇ ಪೆನ್ನಿನಿಂದ ತಿದ್ದಿ ಇಟ್ಟುಕೊಂಡರು. ಹಾಗಂತ, ಪೇಪರಿನಲ್ಲಿ ನೋಡಿಯೇ ಅಣ್ಣನ ಎಷ್ಟೋ ಗೆಳೆಯರು ಓಡಿಬಂದರು. ಅದನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ. ಆ ವರದಿಗಾರರನ್ನು ಬೈಯಬೇಕೋ ಬೇಡವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನೀನು ಕಳಿಸಿದ್ದ ಪತ್ರಕರ್ತರ ನೀತಿಸಂಹಿತೆಗಳನ್ನು ಓದಿದೆ. ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟ 2019ರಲ್ಲಿ ಟ್ಯೂನಿಸ್‌ನಲ್ಲಿ ಒಪ್ಪಿಕೊಂಡ ಚಾರ್ಟರಿನಲ್ಲಿ, ಸುದ್ದಿ ಎಷ್ಟೇ ತುರ್ತಿನದಾದರೂ ಪರಿಶೀಲನೆಗಿಂತ ತುರ್ತು ಮುಖ್ಯವಲ್ಲ ಎಂದಿದೆ. ಮಾಧ್ಯಮದ ಅನುಭವವಿಲ್ಲದವರನ್ನು, ಕುಗ್ಗಿಹೋದವರನ್ನು ಮಾತಾಡಿಸುವಾಗ ವಿಶೇಷ ಕಾಳಜಿ ಇರಬೇಕು ಎಂದೂ ಇದೆ. ಆಲ್ಬಮ್ ಹಿಡಿದು ನಿಂತಿದ್ದ ಹುಡುಗಿಗೆ ಅನ್ವಯಿಸುವ ಮಾತು. ನಿನ್ನ ಉತ್ತರದಲ್ಲಿ ಈ ಎರಡನ್ನೂ ಹಾಕು.

ಆದರೆ ಬರೀ ಸಂಹಿತೆ ನಿನ್ನನ್ನು ಕಾಯುವುದಿಲ್ಲ. ಅಮೆರಿಕದ ವೃತ್ತಿಪರ ಪತ್ರಕರ್ತರ ಸಂಘವೇ ತನ್ನ ಸಂಹಿತೆ ಕಾನೂನಲ್ಲ ಎಂದು ಬರೆದುಕೊಂಡಿದೆ. ವಕೀಲರ ಸನದು ಕಿತ್ತುಕೊಳ್ಳುವಂತೆ ಪತ್ರಕರ್ತರ ಪೆನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗಾದರೂ ಕೊಟ್ಟರೆ, ಅದು ಮೊದಲು ತಿರುಗುವುದು ನಿನ್ನಂಥವರ ಮೇಲೇ. ಹಾಗಾಗಿ ಸಂಹಿತೆಗೆ ಹಲ್ಲಿಲ್ಲದಿರುವುದೇ ವಾಸಿ ಅನ್ನಿಸುತ್ತದೆ. ಉಳಿಯುವುದು ಜೊತೆಗೆ ನಿಲ್ಲುವ ಜನ. ‘ಪತ್ರಕರ್ತರ ಸಂಘ ಅಂದ್ರೆ ಐಡಿ ಕಾರ್ಡು, ಚುನಾವಣೆ, ಸನ್ಮಾನ ಅಷ್ಟೇ ಅಮ್ಮ’ ಅಂತೀಯ. ಇರಬಹುದು. ಆದರೂ ನೋಡು, ಬ್ರಿಟನ್ನಿನ ಪತ್ರಕರ್ತರ ಯೂನಿಯನ್ 1907ರಲ್ಲಿ ಹುಟ್ಟಿದ್ದು ಸಂಬಳ, ಕೆಲಸದ ಗಂಟೆಗಳ ಗೋಳಿಗೆ. ಅದರ ನೀತಿಸಂಹಿತೆ ಬಂದದ್ದು 1936ರಲ್ಲಿ. ನನಗೆ ಈ ಕ್ರಮವೇ ಸರಿ ಕಾಣುತ್ತದೆ. ತಿಂಗಳ ಸಂಬಳದ ಭಯ ಇರುವವರು ಸಂಪಾದಕರಿಗೆ ‘ಆಗಲ್ಲ ಸರ್’ ಅನ್ನುವುದು ಹೇಗೆ? ‘ನಾನು ಒಬ್ಬಳೇ’ ಅಂದೆ ನೀನು. ನನ್ನ ಹೆದರಿಕೆಯೆಲ್ಲ ಆ ‘ಒಬ್ಬಳೇ’ ಎಂಬುದರ ಬಗ್ಗೆ. ಸಂಘದ ಸದಸ್ಯಳಾಗು. ಸಂಘ ಸರಿಯಿಲ್ಲದಿದ್ದರೆ ಒಳಗೆ ಕೂತು ಜಗಳವಾಡು, ಅದು ನಿನಗೆ ಚೆನ್ನಾಗಿಯೇ ಬರುತ್ತದೆ. ಹ್ಞೂಂ, ಮತ್ತೆ ಪಾಠ ಶುರುಮಾಡಿದೆ.

ಉತ್ತರದ ಕರಡನ್ನು ನಿಮ್ಮ ಕಡೆಯ ಹಿರಿಯ ವರದಿಗಾರರು ಯಾರಿಗಾದರೂ ತೋರಿಸಿ ಆಮೇಲೆ ಕಳಿಸು. ನನಗೆ ತೋರಿಸಬೇಕೆಂದೇನಿಲ್ಲ. ಸಂಬಳ ತಡೆಹಿಡಿದರೆ ಮಾತ್ರ ಮುಚ್ಚಿಡಬೇಡ.

ಒಂದು ವಿಷಯ ನಿನ್ನೆ ಕೇಳಲಾಗಲಿಲ್ಲ. ಆಮೇಲೆ ಆ ಸತ್ತವನ ಮನೆಗೆ ನೀನೇ ಹೋದೆಯಾ? ಹೋಗಿದ್ದರೆ ಅವರು ಏನಂದರು, ಬರೆ.

ನಿನ್ನ
ಅಮ್ಮ