ವಚನ ಕದ್ದಿಲ್ಲ, ಪುಟದ ಕೆಳಗೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೊಸ ಬೈಬಲ್ ಅನುವಾದಗಳಲ್ಲಿ ವಚನಗಳನ್ನ ಕಿತ್ತಾಕಿದಾರೆ ಅಂತ ಹೋದ ವಾರ ನಿಮ್ಮ ಪೇಪರಲ್ಲಿ ಒಬ್ರು ಬರೆದಿದ್ರು. ಇದೇ ಮಾತು ನಮ್ಮ ಸಭೆಯ ವಾಟ್ಸಾಪ್ ಗ್ರೂಪಲ್ಲೂ ಓಡಾಡ್ತಿದೆ, ಮತ್ತಾಯ 17ರಲ್ಲಿ 20 ಆದ್ಮೇಲೆ ಸೀದಾ 22 ಬರುತ್ತೆ, 21 (ಇಂಥ ದೆವ್ವ ಪ್ರಾರ್ಥನೆ, ಉಪವಾಸದಿಂದಲೇ ಹೋಗೋದು ಅನ್ನೋ ಮಾತು) ಎಲ್ಲೋಯ್ತು, ಇದು ಸೈತಾನನ ಕೆಲಸ, ಎಲ್ಲರಿಗೂ ಫಾರ್ವರ್ಡ್ ಮಾಡಿ ಅಂತ. ಎನ್‌ಐವಿ ಅನ್ನೋ ಹೊಸ ಇಂಗ್ಲಿಷ್ ಅನುವಾದ ತೆಗೆದು ನೋಡಿದ್ರೆ ಹೌದು, ಅಲ್ಲಿ 21 ಇಲ್ಲ. ಆದ್ರೆ ಅದೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ, ಕೆಲವು ಹಸ್ತಪ್ರತಿಗಳಲ್ಲಿ ಇಲ್ಲಿ ಮಾರ್ಕ 9:29ರಂಥ ಮಾತಿದೆ ಅಂತ ಟಿಪ್ಪಣಿ ಕೊಟ್ಟಿದಾರೆ. ಕದ್ದೋನು ಮಾಲನ್ನ ತಂದು ಬಾಗಿಲಲ್ಲೇ ಇಡ್ತಾನಾ?

1611ರ ಹಳೇ ಇಂಗ್ಲಿಷ್ ಅನುವಾದ ಕಿಂಗ್ ಜೇಮ್ಸ್ ಬೈಬಲಿನ ಹೊಸ ಒಡಂಬಡಿಕೆಗೆ ಮೂಲ ಅಂದ್ರೆ 1516ರಲ್ಲಿ ಬಾಸೆಲ್‌ನಲ್ಲಿ ಎರಾಸ್ಮಸ್ ಅನ್ನೋ ಪಂಡಿತರು ಅಚ್ಚು ಹಾಕಿಸಿದ ಗ್ರೀಕ್ ಪಠ್ಯ, ಆಮೇಲೆ ಅದನ್ನೇ ತಿದ್ದಿ ತಿದ್ದಿ ಬಂದ ಮುದ್ರಣಗಳು. ಪಾಪ ಎರಾಸ್ಮಸ್ ಕೈಲಿದ್ದಿದ್ದು ಬೆರಳೆಣಿಕೆಯ ಹಸ್ತಪ್ರತಿ, ಅವೂ ಬಹಳ ಹಳೇವಲ್ಲ, ಬೈಬಲಿನ ಕೊನೇ ಪುಸ್ತಕ ಪ್ರಕಟನೆಯ ಕೊನೇ ಆರು ವಚನ ಅವರ ಪ್ರತಿಯಲ್ಲಿ ಇರಲೇ ಇಲ್ಲ, ಲ್ಯಾಟಿನ್ ನೋಡ್ಕೊಂಡು ತಾವೇ ಗ್ರೀಕಿಗೆ ಮಾಡಿ ತುಂಬಿಸಿದ್ರು! ಅವಕ್ಕಿಂತ ಎಷ್ಟೋ ಹಳೇದು, 4ನೇ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿ, ಸಿನಾಯ್ ಪ್ರತಿ ಅಂತಾರೆ, ಅದು ಜರ್ಮನ್ ಪಂಡಿತ ಟಿಶೆಂಡಾರ್ಫ್ ಕಣ್ಣಿಗೆ ಬಿದ್ದಿದ್ದು 1844ರಲ್ಲಿ, ದೊಡ್ಡ ಭಾಗ ಸಿಕ್ಕಿದ್ದು 1859ರಲ್ಲಿ. ನಮ್ಮ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕೈಹಾಕಿದ ಕನ್ನಡ ಬೈಬಲ್ 1831ಕ್ಕೇ ಮುಗಿದಿತ್ತು, ಅವರಿಗೆಲ್ಲಿ ಸಿಗಬೇಕು ಅದು. ಆ ಸಿನಾಯ್ ಪ್ರತಿ ಬರೆದವನು ಮತ್ತಾಯದ ಈ ವಾಕ್ಯ ಬರೆದಿಲ್ಲ, ಆಮೇಲೆ ತಿದ್ದಿದವನು ಸೇರಿಸಿದಾನೆ. ಮಾರ್ಕ 9:29ರಲ್ಲಿ ಹೆಚ್ಚುಕಮ್ಮಿ ಇದೇ ಮಾತಿದೆ, ಅಲ್ಲಿಂದ ಇಲ್ಲಿಗೆ ಬಂದಿರಬೇಕು ಅಂತ ಪಂಡಿತರ ಲೆಕ್ಕ. ಅಂದ್ರೆ ಪ್ರಾರ್ಥನೆಯ ಮಾತು ಬೈಬಲಿಂದ ಎಲ್ಲೂ ಹೋಗಿಲ್ಲ ಸ್ವಾಮಿ.

ಎಲ್ಲ ಕಡೆ ಇಷ್ಟು ಸಲೀಸಿಲ್ಲ ಅನ್ನೋದೂ ನಿಜ. ಅಪೊಸ್ತಲರ ಕೃತ್ಯಗಳು 8:37, ಐಥಿಯೋಪ್ಯದ ಕಂಚುಕಿ ನಂಬಿಕೆ ಹೇಳ್ಕೊಳ್ಳೋ ವಚನ, ತೀರಾ ಹಳೇ ಹಸ್ತಪ್ರತಿಗಳಲ್ಲಿಲ್ಲ, ಆದ್ರೆ 2ನೇ ಶತಮಾನದ ಕ್ರೈಸ್ತ ಬರಹಗಾರ ಇರೆನೇಯಸ್‌ಗೆ ಗೊತ್ತಿತ್ತು. ಇಂಥ ಕಡೆ ನಾನಂತೂ ಟಿಪ್ಪಣಿ ಕೊಟ್ಟು ಓದುಗರಿಗೆ ಬಿಡೋ ಅನುವಾದವನ್ನೇ ನಂಬ್ತೀನಿ, ಸುಮ್ಮನೆ ಸೇರಿಸಿ ಮುಚ್ಚೋದನ್ನಲ್ಲ.

ಯಾವುದು ತಗೋಬೇಕು ಅಂತ ಕೇಳೋರಿಗೆ ನಾನು ಹೇಳೋದು ಎರಡು ತಗೊಳ್ಳಿ ಅಂತ, ಹಳೇ ಸತ್ಯವೇದ ಒಂದು, ಆಡುಮಾತಿಗೆ ಹತ್ತಿರ ಇರೋದು ಇನ್ನೊಂದು. ಎರಡೂ ಬೇರೆ ಬೇರೆ ಹೇಳಿದ ಕಡೆ ನಿಂತು ಓದಿ, ಮುನ್ನುಡೀನೂ ಓದಿ, ಯಾರೂ ಓದಲ್ಲ ಅದನ್ನ.

ಇನ್ನೊಂದು ಮಾತು ಹೇಳದೆ ಇರಕ್ಕಾಗಲ್ಲ. ಇಲ್ಲದ 21ಕ್ಕೆ ಇಷ್ಟು ಗಲಾಟೆ ಮಾಡೋರು ನಿಮಗೆ ಒಳ್ಳೇ ಭವಿಷ್ಯ ಕೊಡ್ತೀನಿ ಅನ್ನೋ ಯೆರೆಮೀಯ 29:11ನ್ನ ಕ್ಯಾಲೆಂಡರಲ್ಲಿ, ಸ್ಟೇಟಸಲ್ಲಿ ಹಾಕ್ಕೊಂಡು ಈ ವರ್ಷವೇ ಕೆಲಸ ಸಿಗುತ್ತೆ, ಮನೆ ಆಗುತ್ತೆ ಅಂತಾರೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ, ಮೇಲಿನ 10ನೇ ವಚನದಲ್ಲೇ ಎಪ್ಪತ್ತು ವರ್ಷ ಆದ್ಮೇಲೆ ಅಂತಿದೆ, ಕೇಳಿಸ್ಕೊಂಡ ದೊಡ್ಡವರಲ್ಲಿ ಎಷ್ಟೋ ಜನ ವಾಪಸ್ ಊರು ನೋಡೋ ಹಾಗೇ ಇರಲಿಲ್ಲ. ಆ 10ನ್ನ ಯಾರೂ ಕಿತ್ತಾಕಿಲ್ಲ, ಎಲ್ಲ ಅನುವಾದದಲ್ಲೂ ಇದೆ, ಓದಲ್ಲ ಅಷ್ಟೇ.

ಇಂತಿ,
ಒಬ್ಬ ಓದುಗ, ಬಳ್ಳಾರಿ