ಅರ್ಕಾವತಿಯ ಅರ್ಕಾವೊತ್ತು ಹೋದ ಬೆಳಗ್ಗೆ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿ ನಗು ಬಂತು. "ಮನೇಲಿ ಕೂತು, ಪುಸ್ತಕ ನೋಡ್ಕೊಂಡು, ಎರಡು ದಿನ ಟೈಮ್ ತಗೊಂಡು ಬರೆಯೋದು ಅದ್ಯಾವ ಸೀಮೆ ಪರೀಕ್ಷೆನೋ?" ಅಂತ ಕೇಳಿದ್ದೀಯ. ಹೋದ ತಿಂಗಳವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ ಮಾರಾಯ. ನಿನಗೂ ಮುಂದಿನ ತಿಂಗಳು ಇದೇ ಕಾದಿದೆ ಅಂದೆಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಎಂಎ ಇತಿಹಾಸದಲ್ಲಿ ನಗರ ಚರಿತ್ರೆ ಅಂತ ಒಂದು ಪೇಪರ್. ಅದಕ್ಕೆ ಟೇಕ್ ಹೋಮ್ ಅಂದಾಗ ಇಡೀ ಕ್ಲಾಸಿಗೆ ಹಬ್ಬ. ಸರ್ ಮಾತ್ರ ಸುಮ್ನೆ ನಕ್ಕರು. "ನಿಮ್ಮ ಹತ್ರ ಪುಸ್ತಕ ಇರುತ್ತೆ ಅಂತ ಗೊತ್ತಿದ್ದೇ ಪ್ರಶ್ನೆ ತೆಗೀತೀನಿ" ಅಂದರು. ಆ ನಗುವಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ನಾನು ತಯಾರಿ ಮಾಡಿದ ರೀತಿ ಕೇಳು. ಎರಡು ವಾರ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋದೆ. ಆ ಕೆಂಪು ಕಟ್ಟಡ ಇದೆಯಲ್ಲ, ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿಸಿದ್ದು. ಬೆಂಗಳೂರಿಗೆ ಹೆಸರಘಟ್ಟದ ನೀರು ತರುವ ಯೋಜನೆ ಆಗಿದ್ದೇ ಅವರ ಕಾಲದಲ್ಲಿ. ಅದೇ ಕಟ್ಟಡದೊಳಗೆ ಕೂತು ಅದೇ ನೀರಿನ ಬಗ್ಗೆ ಓದುವುದರಲ್ಲಿ ಒಂಥರಾ ಖುಷಿ ಇತ್ತು, ಸುಳ್ಳು ಹೇಳಲ್ಲ. ಸಿಕ್ಕಿದ್ದನ್ನೆಲ್ಲ ಜೆರಾಕ್ಸ್ ಮಾಡಿಸಿದೆ. ಲ್ಯಾಪ್‌ಟಾಪಿನಲ್ಲಿ ನಲವತ್ತಕ್ಕೂ ಜಾಸ್ತಿ ಪಿಡಿಎಫ್. ಹಳದಿ ಚೀಟಿ ಅಂಟಿಸಿ ಅಂಟಿಸಿ ಪುಸ್ತಕಗಳೆಲ್ಲ ಕೋಳಿ ಪುಕ್ಕ ಕೆದರಿದ ಹಾಗೆ ಕಾಣುತ್ತಿದ್ದವು. ಓದಿದ್ದು ಕಡಿಮೆ, ಕೂಡಿಹಾಕಿದ್ದು ಜಾಸ್ತಿ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಪ್ರಶ್ನೆಪತ್ರಿಕೆ ಬಂತು. ಭಾನುವಾರ ಹತ್ತರೊಳಗೆ ಕಳಿಸಬೇಕು. ಐದರಲ್ಲಿ ಮೂರು, ಒಂದೊಂದಕ್ಕೆ 1,200 ಪದ ಮೀರಬಾರದು. ಯಾರ ಜೊತೆಗೂ ಚರ್ಚಿಸಿಲ್ಲ ಅಂತ ಸಹಿ ಮಾಡಿ ಕೊಡಬೇಕು. ಎರಡು ಪ್ರಶ್ನೆ ಹೇಗೋ ಬರೆದೆ, ಅವುಗಳ ಮಾತು ಬಿಡು. ಮೂರನೆಯದು ಹೀಗಿತ್ತು: 'ಬೆಂಗಳೂರು ತನ್ನ ಕೆರೆಗಳನ್ನು ಬಿಟ್ಟು ದೂರದ ನೀರಿಗೆ ಹೋದದ್ದು ಅನಿವಾರ್ಯವಾಗಿತ್ತೆ? ನಿಮ್ಮ ನಿಲುವನ್ನು ಸಮರ್ಥಿಸಿ.'

ನಿಮ್ಮ ನಿಲುವು! ಒಂದನೇ ಕ್ಲಾಸಿಂದ ಇಲ್ಲಿವರೆಗೆ ನಮ್ಮನ್ನು ಯಾರಾದರೂ ಆ ಮಾತು ಕೇಳಿದ್ದಾರೇನೋ? 'ವಿವರಿಸಿ' ಅಂದಿದ್ದರೆ ವಿವರಿಸುತ್ತಿದ್ದೆ. 'ಟಿಪ್ಪಣಿ ಬರೆಯಿರಿ' ಅಂದಿದ್ದರೆ ಎರಡು ಪುಟ ತುಂಬಿಸುತ್ತಿದ್ದೆ. ಪುಸ್ತಕದ ರಾಶಿ ನಡುವೆ ಕೂತು ನನ್ನ ನಿಲುವು ಎಲ್ಲಿದೆ ಅಂತ ಹುಡುಕಿದೆ. ಯಾವ ಪಿಡಿಎಫ್‌ನಲ್ಲೂ ಇರಲಿಲ್ಲ.

ಆದರೂ ಶುಕ್ರವಾರ ರಾತ್ರಿ 1,900 ಪದ ಬರೆದೆ. 1896ಕ್ಕೆ ಹೆಸರಘಟ್ಟದ ನೀರು, 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯದ್ದು, 1974ಕ್ಕೆ ಕಾವೇರಿ ಯೋಜನೆಯ ಮೊದಲನೇ ಹಂತ, 2024ಕ್ಕೆ ಐದನೇ ಹಂತ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ. ಎಲ್ಲ ಸರಿ. ಓದಿ ನೋಡಿದರೆ ರೈಲ್ವೆ ವೇಳಾಪಟ್ಟಿ ಇದ್ದ ಹಾಗಿತ್ತು. ಯಾವ ಊರಿಗೆ ಎಷ್ಟು ಗಂಟೆಗೆ ಅನ್ನೋದು ಇದೆ, ಯಾಕೆ ಹೊರಟಿದ್ದು ಅನ್ನೋದೇ ಇಲ್ಲ.

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಅಮ್ಮ ಬಾಗಿಲು ಬಡಿದಳು. ನಮ್ಮ ಬೀದಿಗೆ ದಿನ ಬಿಟ್ಟು ದಿನ ಕಾವೇರಿ ಬರುತ್ತೆ, ಅದೂ ಆ ಹೊತ್ತಿಗೇ. ನಾನು ಟಾರ್ಚ್ ಹಿಡಿಯಬೇಕು, ಅಮ್ಮ ಕಬ್ಬಿಣದ ಸಲಾಕಿಯಿಂದ ಸಂಪಿನ ಮುಚ್ಚಳ ಎತ್ತಬೇಕು. ಮೊದಲು ಪೈಪಿನಲ್ಲಿ ಬರೀ ಗಾಳಿ, ಕೆಮ್ಮಿದ ಹಾಗೆ. ಆಮೇಲೆ ಕೆಂಚಗೆ ಒಂದೆರಡು ಬಿಂದಿಗೆ. ಅಮ್ಮ ಅದನ್ನು ತೆಂಗಿನ ಗಿಡಕ್ಕೆ ಬಿಡ್ತಾಳೆ. ತಿಳಿಯಾದ ಮೇಲೆಯೇ ಸಂಪಿಗೆ.

ಅಜ್ಜಿಯೂ ಎದ್ದು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಸುಮ್ನೆ ಹೇಳಿದಳು, "ಇಲ್ಲೇ ಇತ್ತು ಬಾವಿ, ಈಗ ನೀನು ನಿಂತಿದೀಯಲ್ಲ ಅಲ್ಲೇ. ನೀರೇನೂ ಬತ್ತಿರಲಿಲ್ಲ. ನಲ್ಲಿ ಬಂದ ಮೇಲೆ ಯಾರೂ ಸೇದಲಿಲ್ಲ. ಒಂದಿನ ಇಲಿ ಬಿತ್ತು ಅಂತ ನಿಮ್ ತಾತ ಮಣ್ಣು ತುಂಬಿಸಿಬಿಟ್ರು. ಆಮೇಲೆ ಸ್ಕೂಟರ್ ನಿಲ್ಲಿಸೋಕೆ ಜಾಗ ಆಯ್ತು."

ಟಾರ್ಚ್ ಹಿಡಿದವನು ಹಾಗೇ ನಿಂತೆ ಕಣೋ. ನಾನು ಇಡೀ ರಾತ್ರಿ ಬರೆದದ್ದು, ಕೆರೆ ಬತ್ತಿತು, ಅದಕ್ಕೇ ದೂರ ಹೋದರು ಅಂತ. ನಮ್ಮ ಮನೆಯಲ್ಲಿ ಆಗಿದ್ದು ತಿರುಗಾಮುರುಗಾ. ದೂರದ ನೀರು ಬಂತು, ಆಮೇಲೆ ಹತ್ತಿರದ್ದು ಬೇಡವಾಯಿತು.

ಓಡಿ ಹೋಗಿ ಎಲ್ಲ ಅಳಿಸಿದೆ. ಹೊಸದಾಗಿ ಶುರು ಮಾಡಿದೆ. ಹೆಸರಘಟ್ಟಕ್ಕೆ ಹೋದದ್ದನ್ನು ಕೆರೆ ಬಿಟ್ಟದ್ದು ಅನ್ನೋಕಾಗಲ್ಲ, ಯಾಕೆಂದರೆ ಹೆಸರಘಟ್ಟವೂ ಅರ್ಕಾವತಿ ನದಿಗೆ ಕಟ್ಟಿದ ಒಂದು ಹಳೇ ಕೆರೆಯೇ. ಊರೊಳಗಿನ ಕೆರೆಗಳನ್ನು ನಂಬಿ ಕೂರೋಕೆ ಆಗದ ಕಾಲ ಅದು, ಆ ಹೆಜ್ಜೆ ಇಡಲೇಬೇಕಿತ್ತು ಅಂತ ಒಪ್ಪಿಕೊಂಡೆ. ಆದರೆ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಗಿದ್ದು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿದ್ದು ನೀರಿನ ಅನಿವಾರ್ಯ ಅಲ್ಲ. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆ ಬರೀ ಜಾಗವಾಗಿ ಕಾಣುತ್ತೆ. ಸರಿಯೋ ತಪ್ಪೋ, ನಾಲ್ಕು ಪುಟ ನನ್ನದೇ.

ಇನ್ನೊಂದು ಪೇಚಾಟ. ಅಜ್ಜಿ ಜೊತೆ ಮಾತಾಡಿದ್ದು ಚರ್ಚೆಯೋ ಅಲ್ಲವೋ? ಸಹಿ ಬೇರೆ ಮಾಡಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಉತ್ತರದ ಸ್ಕ್ರೀನ್‌ಶಾಟ್‌ಗಳೇ ಓಡಾಡುತ್ತಿದ್ದಾಗ ನಾನು ಅಜ್ಜಿಗೆ ಹೆದರುತ್ತಿದ್ದೆ ನೋಡು. ಕೊನೆಗೆ ಅಡಿಟಿಪ್ಪಣಿಯಲ್ಲಿ ನೇರವಾಗಿ ಹಾಕಿದೆ: 'ಲೇಖಕನ ಅಜ್ಜಿ ಹೇಳಿದ್ದು, ಮನೆಯಂಗಳ, ಬೆಳಗ್ಗೆ 4.40.' ಮುಚ್ಚಿಟ್ಟರೆ ಕಳ್ಳತನ, ಹೇಳಿದರೆ ಆಕರ ಅಂತ ನನ್ನ ಲೆಕ್ಕ.

ಭಾನುವಾರ ಎಂಟು ಗಂಟೆಗೆ ಎಲ್ಲ ಮುಗಿದಿತ್ತು. ಆಗ ಕಂಡದ್ದು ಸೂಚನೆಯ ಕೊನೆಯ ಸಾಲು. ಯೂನಿಕೋಡ್‌ನಲ್ಲೇ ಇರಬೇಕು. ನಾನು ಹಳೇ ಅಭ್ಯಾಸದಂತೆ 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದಿದ್ದೆ. ಅದನ್ನು ಬೇರೆ ಕಡೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಕಲು ಹಿಡಿಯುವ ಸಾಫ್ಟ್‌ವೇರ್ ಅದರಲ್ಲಿ ಏನು ತಾನೇ ಓದೀತು? ಪರಿವರ್ತಕಕ್ಕೆ ಹಾಕಿದೆ. ಅಕ್ಷರ ಬಂತು, ಅರ್ಕಾವೊತ್ತುಗಳು ಹೋದವು. ಕರ್ನಾಟಕ 'ಕನಾಟಕ' ಆಯಿತು, ಧರ್ಮಾಂಬುಧಿ 'ಧಮಾಂಬುಧಿ', ವರ್ಷ 'ವಷ'. ಅರ್ಕಾವತಿ 'ಅಕಾವತಿ'! ಪಾಪ, ಆ ನದಿಯಲ್ಲಿ ನೀರೂ ಉಳಿದಿಲ್ಲ, ನನ್ನ ಉತ್ತರದಲ್ಲಿ ಒತ್ತೂ ಉಳಿಯಲಿಲ್ಲ. ಒಂದೊಂದಾಗಿ ಕೈಯಲ್ಲೇ ತಿದ್ದಿದೆ. ಪೋರ್ಟಲ್ ಎರಡು ಸಲ ನೇತಾಡಿತು. ಕಳಿಸಿದಾಗ 9.52.

ನೀನು ಮೊದಲೇ ಯೂನಿಕೋಡ್‌ಗೆ ಬದಲಾಗು, ದಮ್ಮಯ್ಯ. ಜೆರಾಕ್ಸಿಗೆ ದುಡ್ಡು ಸುರಿಯಬೇಡ. ಹಳೇ ಪ್ರಶ್ನೆ ಒಂದನ್ನು ಇಟ್ಟುಕೊಂಡು, ಪುಸ್ತಕ ಮುಚ್ಚಿ, ನಿನಗೇನು ಅನಿಸುತ್ತೆ ಅಂತ ಅರ್ಧ ಪುಟ ಬರೆದು ನೋಡು. ಬರೆಯೋಕಾಗದೆ ಒದ್ದಾಡ್ತೀಯ. ಆ ಒದ್ದಾಟ ಈಗಲೇ ಆಗಲಿ.

ಮಾರ್ಕ್ಸ್ ಇನ್ನೂ ಬಂದಿಲ್ಲ. "ನನ್ನ ಬಾವಿಗೆ ಎಷ್ಟು ಕೊಟ್ರು?" ಅಂತ ಅಜ್ಜಿ ದಿನಾ ಕೇಳ್ತಾಳೆ. ನಿನ್ನ ಸಿಲಬಸ್ ಕಳಿಸು, ನನ್ನ ಹತ್ರ ಇರೋ ಪಿಡಿಎಫ್‌ಗಳಲ್ಲಿ ಯಾವುದಾದರೂ ಬೇಕಾದರೆ ನೋಡೋಣ. ನಾಳೆ ಬೆಳಗ್ಗೆ ನೀರು ಬರುವ ದಿನ, ಮಲಗ್ತೀನಿ.

ನಿನ್ನವನೇ,
ಟಾರ್ಚ್ ಹಿಡಿಯುವವನು