ಇಂಥ ಮಕ್ಕಳ ಹಲ್ಲಿಗೂ ಅವಸರವಿದೆ

ಮಾನ್ಯ ಸಂಪಾದಕರೇ,

ನನ್ನ ಮಗನಿಗೆ 9 ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇದೆ. ಹೋದ ತಿಂಗಳು ವಾಕರ್ ಹಿಡಿದು ಬಚ್ಚಲುಮನೆ ಹೊಸ್ತಿಲು ದಾಟುವಾಗ ಮುಗ್ಗರಿಸಿದ. ಬೇರೆ ಮಕ್ಕಳು ಬೀಳುವಾಗ ಕೈ ಊರುತ್ತಾರೆ. ಇವನ ಕೈ ಅಷ್ಟು ಬೇಗ ಮುಂದೆ ಬರುವುದಿಲ್ಲ, ಪೆಟ್ಟು ನೇರ ಬಾಯಿಗೇ. ಮುಂದಿನ ಹಲ್ಲು ಬೇರು ಸಮೇತ ನೆಲದ ಮೇಲಿತ್ತು.

ಪಕ್ಕದ ಮನೆ ನರ್ಸ್ ಅಕ್ಕ ಹೇಳಿದಂತೆ ಬೇರು ಮುಟ್ಟದೆ, ಉಜ್ಜದೆ, ತಣ್ಣನೆ ಹಾಲಿನ ಲೋಟಕ್ಕೆ ಹಾಕಿಕೊಂಡು ಓಡಿದೆ. (ಹಾಲುಹಲ್ಲಾದರೆ ವಾಪಸ್ ಕೂರಿಸುವುದಿಲ್ಲ, ಇವನದು ಶಾಶ್ವತ ಹಲ್ಲು.) ಒಂದು ಗಂಟೆಯೊಳಗೆ ಕೂರಿಸಿದರೆ ಹಲ್ಲು ಉಳಿಯುವ ಸಾಧ್ಯತೆ ಜಾಸ್ತಿ. ಮೊದಲ ಕ್ಲಿನಿಕ್‌ನಲ್ಲಿ ‘ಇಂಥ ಮಕ್ಕಳನ್ನು ನಾವು ನೋಡಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಅಂದರು. ಆ ಗಂಟೆ ಆಟೋದಲ್ಲೇ ಕಳೆಯಿತು.

ಎರಡನೇ ಕಡೆ ಡಾಕ್ಟರು ಮಾಡಿದ್ದು ಮಹಾ ಏನಲ್ಲ. ಮಂಡಿ ಕೆಳಗೆ ದಿಂಬು ಇಟ್ಟರು. ಕುರ್ಚಿ ಪೂರ್ತಿ ಮಲಗಿಸಲಿಲ್ಲ. ಲೈಟು ಕಣ್ಣಿಗೆ ಹೊಡೆಯದಂತೆ ತಿರುಗಿಸಿ, ಮುಟ್ಟುವ ಮೊದಲು ಪ್ರತಿ ಸಲ ಹೇಳಿದರು. ದಿಢೀರ್ ಸದ್ದಾದರೆ ಇವನ ಮೈ ಸೆಟೆದುಕೊಳ್ಳುತ್ತೆ, ಅದು ಹಠವಲ್ಲ. ಹಲ್ಲು ಕೂರಿಸಿ ಪಕ್ಕದ ಹಲ್ಲುಗಳಿಗೆ ತಂತಿ ಅಂಟಿಸಿದ್ದಾರೆ. ಉಳಿಯುತ್ತೋ ಇಲ್ಲವೋ, ನೋಡಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. ಹಲ್ಲಿನ ಡಾಕ್ಟರಿಗೆ ಈ ಮಕ್ಕಳನ್ನು ಕೂರಿಸುವ ಬಗೆಯನ್ನಾದರೂ ಕಲಿಸಬಹುದು ಅಲ್ವಾ? ಬೇರೆ ಕಡೆ ಕಳಿಸಲೇಬೇಕಿದ್ದರೆ, ಯಾರಿದ್ದಾರೆ ಅಂತ ಫೋನ್ ಮಾಡಿ ವಿಚಾರಿಸಿ ಕಳಿಸಲಿ.

– ಒಬ್ಬ ತಾಯಿ, ಹಾಸನ